ಎರಡನೇ ಪಂಕ್ತಿಯ ಹಾಡುಗಳು

ಮೇಲು ಕೀಳು ಬೇಡ ಅನ್ನುವ ನಾನೇ ಹಾಡುಗಳನ್ನು ಸಾಲಾಗಿ ನಿಲ್ಲಿಸಲು ಹೊರಟಿದ್ದೇನೆ, ನಗಬೇಡಿ. ಕ್ಯಾಲಿಫೋರ್ನಿಯಾದ ನಾಲ್ವರ ರಾಕ್ ತಂಡ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್. 1969–70ರಲ್ಲಿ ಅವರ ಐದು ರೆಕಾರ್ಡುಗಳು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂದು ನಿಂತವು. ಮೊದಲನೆಯದು ಒಮ್ಮೆಯೂ ಸಿಗಲಿಲ್ಲ. ಎರಡನೇ ಪಂಕ್ತಿಯಲ್ಲಿ ಉಂಡವರಿಗೆ ಇದೇನು ಹೊಸದಲ್ಲ ಬಿಡಿ.

ನನ್ನ ಪಟ್ಟಿಯಲ್ಲಿ ಮೊದಲು ‘ಫಾರ್ಚುನೇಟ್ ಸನ್’, 1969ರದ್ದು. ಬಡವರ ಮಕ್ಕಳನ್ನ ವಿಯೆಟ್ನಾಂ ಯುದ್ಧಕ್ಕೆ ಅಟ್ಟಿ ದೊಡ್ಡವರ ಮಕ್ಕಳು ಮನೇಲಿ ಉಳಿದದ್ದಕ್ಕೆ ಜಾನ್ ಫೋಗರ್ಟಿ ಕಾರಿದ ಸಿಟ್ಟು. ಎರಡೂವರೆ ನಿಮಿಷವೂ ಇಲ್ಲ.

ಎರಡನೆಯದು ‘ಕಾಟನ್ ಫೀಲ್ಡ್ಸ್’. ಅದು ಅವರದಲ್ಲ, ಕಪ್ಪು ಹಾಡುಗಾರ ಲೆಡ್ ಬೆಲ್ಲಿಯದು. ನಮ್ಮವ್ವ ಹತ್ತಿ ಬಿಡಿಸೋಕೆ ಕೂಲಿ ಹೋಗುತ್ತಿದ್ದಳು, ಬೆರಳ ತುದಿಯೆಲ್ಲ ಗೀರು. ಈ ಬಿಳಿ ಹುಡುಗರ ಬಾಯಲ್ಲಿ ಹತ್ತಿಹೊಲ ಕುಣಿಯುವಷ್ಟು ಹಗುರ! ಕಾಲು ತಾಳ ಹಾಕುತ್ತೆ, ಮನಸ್ಸಿಗೆ ಮುಜುಗರ. ಆದರೂ ಪಟ್ಟಿಯಿಂದ ತೆಗೆಯಲಾರೆ.

ಮೂರನೆಯದು ‘ರನ್ ಥ್ರೂ ದ ಜಂಗಲ್’, 1970. ಇದೂ ವಿಯೆಟ್ನಾಮಿನ ಹಾಡು ಅಂದುಕೊಂಡರು ಜನ. ಫೋಗರ್ಟಿ ಹೇಳಿದ್ದು ಅಮೆರಿಕದೊಳಗೇ ತುಂಬಿದ ಬಂದೂಕುಗಳ ಮಾತು. ಕಟ್ಟಿದವನು ಅವನು, ಒಡೆತನ ಕಂಪನಿಯದು. ಮುಂದೆ ಅವನು ಬರೆದ ಬೇರೊಂದು ಹಾಡು ಇದರ ನಕಲು ಅಂತ ಅವನ ಮೇಲೇ ಕೇಸು! ತನ್ನ ಹಾಡನ್ನ ತಾನೇ ಕದ್ದನಂತೆ. 1988ರಲ್ಲಿ ಗಿಟಾರ್ ಹಿಡಿದು ಸಾಕ್ಷಿಕಟ್ಟೆ ಹತ್ತಿದ, ನುಡಿಸಿ ತೋರಿಸಿದ, ಗೆದ್ದ. ಆ ತಂಡದ ಹಾಡುಗಳ ಹಕ್ಕಿನ ದೊಡ್ಡ ಪಾಲು ಕೈಗೆ ಬಂದಿದ್ದು 2023ರಲ್ಲಿ. ಆಗವನಿಗೆ 77 ವರ್ಷ.