ರೋಗಿಯ ಪರವಾಗಿ ನುಡಿಯುವವರ ಅಚೌರ್ಯವ್ರತ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಜೈನಾಚಾರ್ಯರು ದಾನವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಇವುಗಳಲ್ಲಿ ಔಷಧದಾನವೂ ಅಭಯದಾನವೂ ಒಂದೆಡೆ ಕೂಡುವ ಸ್ಥಳ ರೋಗಿಯ ಹಾಸಿಗೆಯ ಮಗ್ಗುಲು. ಅಕ್ಷರ ಬಾರದ ರೋಗಿಗೆ ವೈದ್ಯರ ಮಾತನ್ನು ತಿಳಿಯಹೇಳುವವನು, ಬಿಲ್ಲಿನಲ್ಲಿ ಅನ್ಯಾಯ ಕಂಡಾಗ ಪ್ರಶ್ನಿಸುವವನು, ಅಗತ್ಯ ಬಿದ್ದರೆ ಗ್ರಾಹಕರ ನ್ಯಾಯಾಲಯದವರೆಗೆ ಜೊತೆಯಲ್ಲಿ ನಡೆಯುವವನು ಕೊಡುವುದು ಅಭಯವನ್ನೇ. ಆದರೆ ಅಭಯವನ್ನು ಕೊಡುವವನ ಕೈ ಮತ್ತೊಬ್ಬನ ಹಣದಿಂದ ತುಂಬತೊಡಗಿದರೆ ಆ ದಾನದ ಗತಿಯೇನು? ಬೀದರ ಜಿಲ್ಲೆಯ ಶ್ರಾವಕರೊಬ್ಬರು ಈ ಪ್ರಶ್ನೆಯನ್ನು ಗ್ರಂಥದಲ್ಲಿ ಓದಿ ಅರಿತವರಲ್ಲ. ತಮ್ಮ ಬಾಳಿನಲ್ಲಿಯೇ ಎದುರಿಸಿ ಅರಿತವರು.

ಅವರು ಔರಾದಿನ ನಿವೃತ್ತ ಶಿಕ್ಷಕರು. ಊರವರಿಗೆಲ್ಲ ‘ಮಾಸ್ತರರು’. ಔರಾದ ಗಡಿಯ ತಾಲೂಕು. ಅಲ್ಲಿಯ ರೋಗಿಗಳು ಕೆಲವೊಮ್ಮೆ ಬೀದರಿಗೆ, ಕೆಲವೊಮ್ಮೆ ಮಹಾರಾಷ್ಟ್ರದ ಉದಗೀರ, ಲಾತೂರ, ನಾಂದೇಡಗಳಿಗೆ, ಕಾಯಿಲೆ ಬಲಿತಾಗ ಹೈದರಾಬಾದಿಗೆ ಹೋಗುತ್ತಾರೆ. ಮನೆಯ ಮಾತು ಕನ್ನಡವೋ ಮರಾಠಿಯೋ ಲಂಬಾಣಿಯೋ ಆಗಿದ್ದು, ಚೀಟಿ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಇಂಥಲ್ಲಿ ನಾಲ್ಕು ಭಾಷೆ ಬಲ್ಲ ಮಾಸ್ತರರ ನೆರವು ಬಡವರಿಗೆ ದೊಡ್ಡ ಆಧಾರವಾಯಿತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನೂ, ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಆ ಕಾಯ್ದೆಯ ವ್ಯಾಪ್ತಿಗೆ ಸೇರುತ್ತದೆಂದು 1995ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನೂ ಅವರು ಓದಿ ಮನನ ಮಾಡಿಕೊಂಡಿದ್ದರು. ಆ ಕಾಯ್ದೆಯ ಸ್ಥಾನದಲ್ಲಿ 2019ರ ಹೊಸ ಕಾಯ್ದೆ ಬಂದ ಮೇಲೆ ಅದನ್ನೂ ತರಿಸಿಕೊಂಡು ಓದಿದರು.

ಬೀದರ ನಗರದ ಒಂದು ಪರೀಕ್ಷಾ ಕೇಂದ್ರದವರು ಒಂದು ದಿನ ಅವರ ಕೈಯಲ್ಲಿ ಲಕೋಟೆಯನ್ನಿಟ್ಟು, ಇದು ತಮ್ಮ ಓಡಾಟದ ಖರ್ಚಿಗೆ ಎಂದರು. ಮಾಸ್ತರರು ಮೊದಲು ಒಲ್ಲೆನೆಂದರು. ಎರಡನೆಯ ಸಲ ಯೋಚಿಸಿದರು. ಬಸ್ಸಿನ ಚಾರ್ಜಿಗೂ ಗತಿಯಿಲ್ಲದ ರೋಗಿಗಳು ಎಷ್ಟು ಜನ! ತನಗೆ ಒಂದು ಪೈಸೆಯೂ ಬೇಡ, ಅವರಿಗಾಗಿ ಇರಲಿ ಎಂದು ಮೂರನೆಯ ಸಲ ಸ್ವೀಕರಿಸಿದರು. ಬಂದ ಹಣಕ್ಕೂ ಹೋದ ಹಣಕ್ಕೂ ಒಂದು ಪುಸ್ತಕದಲ್ಲಿ ಲೆಕ್ಕವಿಟ್ಟರು. ಲೆಕ್ಕದಲ್ಲಿ ಎಂದೂ ತಪ್ಪಿರಲಿಲ್ಲ. ಹೀಗೆ ಮೂರು ವರ್ಷಗಳು ಸಂದವು.

ಭಾಲ್ಕಿ ತಾಲೂಕಿನ ಒಬ್ಬ ವಿಧವೆ ಹೊಟ್ಟೆನೋವಿನಿಂದ ಬಳಲುತ್ತ ಅವರ ಬಳಿ ಬಂದಳು. ಸೋನೋಗ್ರಾಫಿ ಮತ್ತು ರಕ್ತಪರೀಕ್ಷೆ ಆಗಬೇಕೆಂದು ವೈದ್ಯರು ಬರೆದಿದ್ದರು. ಮಾಸ್ತರರು ವಾಡಿಕೆಯಂತೆ ಆ ಕೇಂದ್ರದ ಹೆಸರನ್ನೇ ಹೇಳಿದರು. ಕಿವಿಯ ಓಲೆಯನ್ನು ಒತ್ತೆಯಿಟ್ಟು ಬಂದಿದ್ದ ಆ ತಾಯಿ, “ಮಾಸ್ತರ್ರಿ, ಸರ್ಕಾರಿ ದವಾಖಾನ್ಯಾಗ ಆಗಂಗಿಲ್ಲೇನ್ರಿ?” ಎಂದು ಕೇಳಿದಳು. ಆಗುತ್ತಿತ್ತು. ಎರಡು ದಿನ ಕಾಯಬೇಕಾಗುತ್ತಿತ್ತು, ಖರ್ಚು ಬಹಳ ಕಡಿಮೆಯಾಗುತ್ತಿತ್ತು. ಅದು ಮಾಸ್ತರರಿಗೆ ಗೊತ್ತಿತ್ತು. ಆದರೂ ಅವರ ನಾಲಿಗೆ, “ಇಲ್ಲಿ ಲಗೂ ಆಗ್ತದವ್ವ” ಎಂದಿತು. ಆ ಮಾತು ಸುಳ್ಳಲ್ಲ, ಪರೀಕ್ಷೆಯೂ ಅನಾವಶ್ಯಕವಾಗಿರಲಿಲ್ಲ. ಆಕೆ 1,200 ರೂಪಾಯಿ ತೆತ್ತಳು. ಅದರಲ್ಲಿ 240 ರೂಪಾಯಿ ಲಕೋಟೆಗೆ ಸೇರಿತು. ಅಂದು ರಾತ್ರಿ ಲೆಕ್ಕ ಬರೆಯಲು ಕುಳಿತ ಮಾಸ್ತರರಿಗೆ ಕೈ ಏಳಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ, ಕಳ್ಳನು ತಂದುದನ್ನು ಕೊಳ್ಳುವ ತದಾಹೃತಾದಾನವನ್ನೂ, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವ ಹೀನಾಧಿಕ ಮಾನೋನ್ಮಾನವನ್ನೂ ಹೇಳಿದ್ದಾರೆ. ವ್ಯಾಪಾರಿಗಳಾದ ಶ್ರಾವಕರು ಇವನ್ನು ತಕ್ಕಡಿಗೆ ಅನ್ವಯಿಸಿಕೊಂಡು ಬಾಲ್ಯದಿಂದಲೂ ಕಲಿಯುತ್ತಾರೆ. ಆದರೆ ರೋಗಿಯ ಪರವಾಗಿ ನುಡಿಯುವವನ ನಾಲಿಗೆಯೂ ಒಂದು ತಕ್ಕಡಿಯೇ. ‘ಇಲ್ಲಿಗೆ ಹೋಗು, ಅಲ್ಲಿಗೆ ಬೇಡ’ ಎಂಬ ಮಾತಿನಲ್ಲಿ ಅವನು ಎರಡು ದಾರಿಗಳನ್ನು ತೂಗಿ ಕೊಡುತ್ತಾನೆ. ಒಂದು ತಟ್ಟೆಯ ಕೆಳಗೆ ಯಾರೋ ಮೇಣ ಮೆತ್ತಿದ್ದಾರೆಂಬುದು ಕೊಳ್ಳುವವಳಿಗೆ ಕಾಣುವುದಿಲ್ಲ. ಪರೀಕ್ಷಾ ಕೇಂದ್ರದವರು ಕೊಟ್ಟ ಹಣವಾದರೂ ಅವರ ಮನೆಯದಲ್ಲ; ರೋಗಿಯ ಬಿಲ್ಲಿನೊಳಗಿನಿಂದಲೇ ಬಂದದ್ದು. ಬಡವಳಿಂದ ಅವಳಿಗರಿಯದಂತೆ ತೆಗೆದುಕೊಂಡು ಇನ್ನೊಬ್ಬ ಬಡವನಿಗೆ ಬಸ್ಸಿನ ಚಾರ್ಜು ಕೊಟ್ಟರೆ ಅದನ್ನು ದಾನವೆನ್ನಬಹುದೇ?

ವೈದ್ಯರ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ರೋಗಿಯನ್ನು ಕಳುಹಿಸಿದ್ದಕ್ಕಾಗಿ ಕಮಿಷನ್ ಪಡೆಯುವುದನ್ನು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ನಿಷೇಧಿಸಿದೆ. ಶಿಶುಗಳಿಗೆ ಹಾಲಿನ ಪುಡಿ ಮಾರುವ ಕಂಪನಿಗಳು ಆರೋಗ್ಯ ಕಾರ್ಯಕರ್ತರಿಗಾಗಲಿ ಅವರ ಸಂಘಗಳಿಗಾಗಲಿ ಸಮ್ಮೇಳನ, ಗೋಷ್ಠಿಗಳ ಹೆಸರಿನಲ್ಲಿ ಹಣ ಕೊಡಕೂಡದೆಂದು 1992ರ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಹೇಳುತ್ತದೆ. ಆದರೆ ವೈದ್ಯನೂ ಅಲ್ಲದ, ಸೇವಾಭಾವದಿಂದ ರೋಗಿಯ ಕೈಹಿಡಿದು ನಡೆಸುವ ಮಾಸ್ತರರಂಥವರನ್ನು ವೈದ್ಯರ ಆ ನಿಯಮಾವಳಿ ಮುಟ್ಟುವುದಿಲ್ಲ. ಅಲ್ಲಿ ಉಳಿಯುವುದು ವ್ರತ ಒಂದೇ.

ಇದು ಔರಾದಿನ ಒಬ್ಬ ಮಾಸ್ತರರ ಸಂಕಟ ಮಾತ್ರವಲ್ಲ. ಅಮೆರಿಕದಲ್ಲಿ ನೋವಿನಿಂದ ಬಳಲುವವರ ಪರವಾಗಿ ನಿಂತಿದ್ದ ಅಮೆರಿಕನ್ ಪೇನ್ ಫೌಂಡೇಶನ್ ಎಂಬ ಸಂಸ್ಥೆ 2010ರಲ್ಲಿ ಪಡೆದ ಸುಮಾರು 50 ಲಕ್ಷ ಡಾಲರುಗಳಲ್ಲಿ ನೂರಕ್ಕೆ 90ರಷ್ಟು ಔಷಧ ಮತ್ತು ವೈದ್ಯಕೀಯ ಉಪಕರಣಗಳ ಉದ್ಯಮದಿಂದ ಬಂದದ್ದೆಂದು ಪತ್ರಕರ್ತರು ಹೊರಗೆಡಹಿದರು. ಅಫೀಮು ಜಾತಿಯ ನೋವುನಿವಾರಕಗಳ ಅಪಾಯವನ್ನು ಅದು ಕಡಿಮೆ ಮಾಡಿ ತೋರಿಸಿತೆಂಬ ಆಕ್ಷೇಪವೂ ಕೇಳಿಬಂದಿತು. 2012ರ ಮೇ ತಿಂಗಳಲ್ಲಿ ಅಲ್ಲಿಯ ಸೆನೆಟ್ ಸಮಿತಿ ತನಿಖೆ ಆರಂಭಿಸಿದಾಗ ಆ ಸಂಸ್ಥೆ ಬಾಗಿಲು ಮುಚ್ಚಿತು. ಆ ದೇಶದ 104 ದೊಡ್ಡ ರೋಗಿಪರ ಸಂಸ್ಥೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಂತೆ, ಅವುಗಳಲ್ಲಿ ನೂರಕ್ಕೆ 83ರಷ್ಟಾದರೂ ಉದ್ಯಮದಿಂದ ಹಣ ಪಡೆದಿದ್ದವು. ಅಲ್ಲಿ ಸೇವೆ ಮಾಡುತ್ತಿದ್ದವರೆಲ್ಲ ದುರುಳರೆಂದು ಯಾರೂ ಹೇಳಲಾರರು. ತನ್ನ ಮನಸ್ಸು ಶುದ್ಧವಾಗಿದೆಯೆಂಬ ನಂಬಿಕೆಯೇ ಅನೇಕ ವೇಳೆ ಕಣ್ಣಿಗೆ ಕಟ್ಟಿದ ಬಟ್ಟೆಯಾಗುತ್ತದೆ.

ಅದೇ ವರ್ಷ ಭಾಲ್ಕಿ ಭಾಗದ ಒಂದು ಜಿನಮಂದಿರದ ಟ್ರಸ್ಟಿನವರು ಮಧುಮೇಹ ತಪಾಸಣಾ ಶಿಬಿರವನ್ನು ನಡೆಸಲು ನಿಶ್ಚಯಿಸಿದರು. ಸಕ್ಕರೆ ಕಾಯಿಲೆಯ ಔಷಧಿ ಮಾರುವ ಕಂಪನಿಯೊಂದು ಎಲ್ಲ ಖರ್ಚನ್ನೂ ವಹಿಸಿಕೊಳ್ಳಲು ಮುಂದಾಯಿತು. ಸಭಾಭವನದಲ್ಲಿ ತನ್ನ ಬ್ಯಾನರು ಇರಬೇಕು, ಸಕ್ಕರೆ ಹೆಚ್ಚಿದ್ದವರ ಹೆಸರು ಮತ್ತು ಫೋನ್ ನಂಬರುಗಳನ್ನು ತನಗೆ ಕೊಡಬೇಕು ಎಂಬಷ್ಟೇ ಅದರ ಅಪೇಕ್ಷೆ. ಸಲಹೆಗೆಂದು ಕರೆಸಿಕೊಂಡ ಮಾಸ್ತರರು ಆ ಸಭೆಗೆ ತಮ್ಮ ಲೆಕ್ಕದ ಪುಸ್ತಕವನ್ನು ಒಯ್ದು, ಮೂರು ವರ್ಷಗಳ ಪುಟಗಳನ್ನು ಎಲ್ಲರ ಮುಂದೆ ಓದಿದರು.

ಹಿರಿಯರೊಬ್ಬರು, “ಹಣ ಒಳ್ಳೆಯ ಕೆಲಸಕ್ಕೇ ಹೋಗಿದೆಯಲ್ಲ ಮಾಸ್ತರರೇ, ದೋಷವೆಲ್ಲಿ?” ಎಂದರು. ಕೊಡುವವರು ಕೊಟ್ಟಾಗ ಒಲ್ಲೆನೆಂದರೆ ಬಡವರಿಗೆ ಸಿಗುವ ಸೂಜಿಯೂ ತಪ್ಪಿಹೋಗುವುದೆಂಬ ಅವರ ಕಳವಳ ತಳ್ಳಿಹಾಕುವಂಥದಾಗಿರಲಿಲ್ಲ. ಮಾಸ್ತರರು ಹೇಳಿದರು: “ಹಣ ಎಲ್ಲಿಗೆ ಹೋಯಿತೆಂಬ ಲೆಕ್ಕ ನನ್ನಲ್ಲಿದೆ. ನನ್ನ ಮಾತು ಎಲ್ಲಿಗೆ ಹೋಯಿತೆಂಬ ಲೆಕ್ಕ ಇಲ್ಲ. ಆ ತಾಯಿ ಕೇಳಿದಾಗ ನಾನು ಅವಳ ಕಡೆಯವನಾಗಿ ಉತ್ತರ ಕೊಡಲಿಲ್ಲ.”

ಸಭೆ ಬಹಳ ಹೊತ್ತು ನಡೆಯಿತು. ಕಡೆಗೆ ಬ್ಯಾನರು ಬೇಡ, ಹೆಸರುಗಳನ್ನು ಯಾರಿಗೂ ಕೊಡತಕ್ಕದ್ದಲ್ಲ, ತಪಾಸಣೆಯ ಯಂತ್ರವನ್ನು ಟ್ರಸ್ಟೇ ಕೊಳ್ಳತಕ್ಕದ್ದು, ಜಮಾಖರ್ಚನ್ನು ಮಂದಿರದ ಫಲಕದಲ್ಲಿ ಹಚ್ಚತಕ್ಕದ್ದು ಎಂದು ಠರಾವಾಯಿತು. ಬೀದರದಲ್ಲಿ ಔಷಧಿ ಅಂಗಡಿಯ ಪಾಲುದಾರರಾಗಿದ್ದ ಒಬ್ಬ ಸದಸ್ಯರು ಅದನ್ನು ತಾವಾಗಿಯೇ ಸಭೆಗೆ ತಿಳಿಸಿ, ಖರೀದಿಯ ಚರ್ಚೆಯಿಂದ ಎದ್ದು ಹೊರಗೆ ಕುಳಿತರು. ಶಿಬಿರ ಎಣಿಸಿದ್ದಕ್ಕಿಂತ ಚಿಕ್ಕದಾಯಿತು. ಬಂದವರಲ್ಲಿ ಅನೇಕರಿಗೆ ಮುಂದಿನ ಭಾನುವಾರ ಬನ್ನಿ ಎನ್ನಬೇಕಾಯಿತು. ಆ ನಷ್ಟವನ್ನು ಟ್ರಸ್ಟಿನವರು ಮುಚ್ಚಿಡಲಿಲ್ಲ.

ದಾನದ ವಿಶೇಷತೆ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಉಂಟಾಗುತ್ತದೆಂದು ಅದೇ ಸೂತ್ರಗ್ರಂಥ ಹೇಳುತ್ತದೆ. ಪಾತ್ರವೊಂದನ್ನೇ ನೋಡಿ ಉಳಿದ ಮೂರನ್ನು ಮರೆತರೆ ಸಾಲದು. ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು, ರಾಷ್ಟ್ರಕೂಟ ದೊರೆ ಅಮೋಘವರ್ಷನ ಆಸ್ಥಾನದಲ್ಲಿ, ವಿದ್ವಾಂಸರ ಎದುರಿಗೆ, ಮಾಂಸವನ್ನು ಔಷಧವಾಗಿ ಬಳಸುವುದನ್ನು ಖಂಡಿಸಿ ವಾದಿಸಿದರು. ಆ ದೊರೆಯ ರಾಜಧಾನಿಯಾಗಿದ್ದ ಮಾನ್ಯಖೇಟ, ಇಂದಿನ ಮಳಖೇಡ, ನೆರೆಯ ಕಲಬುರಗಿ ಜಿಲ್ಲೆಯಲ್ಲಿದೆ. ಅಂಥ ಸಭೆಯಲ್ಲಿ ಮುನಿಯೊಬ್ಬರ ಮಾತಿಗೆ ತೂಕ ಬರುವುದು ವಿದ್ಯೆಯಿಂದ ಮಾತ್ರವಲ್ಲ, ಅಪರಿಗ್ರಹದಿಂದಲೂ ಹೌದು.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಮಾಸ್ತರರು ಆ ವಿಧವೆಯ ಮನೆಗೆ ಹೋದರು. ನಡೆದುದನ್ನು ಹೇಳಿ, ತಮ್ಮ ಪಿಂಚಣಿಯಿಂದ ತಂದ 240 ರೂಪಾಯಿಗಳನ್ನು ಅವಳ ಮುಂದಿಟ್ಟು ಕ್ಷಮೆ ಬೇಡಿದರು. ಆಕೆ ನೋಟುಗಳನ್ನು ನೋಡಿ, “ಇದು ನನ್ನ ರೊಕ್ಕೇ ಆಗಿತ್ತೇನ್ರಿ?” ಎಂದಳು. “ಹೌದವ್ವ, ನಿನ್ನದೇ” ಎಂದರು ಮಾಸ್ತರರು. ಆಕೆ ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ, ಬರುವ ಸೋಮವಾರ ತಂಗಿಯ ಮಗನನ್ನು ಬೀದರಿನ ದವಾಖಾನೆಗೆ ತೋರಿಸಬೇಕಾಗಿದೆ, ಮಾಸ್ತರರು ಜೊತೆಗೆ ಬರಬಹುದೇ ಎಂದು ಕೇಳಿದಳು.

ಮಾಸ್ತರರು ಇಂದಿಗೂ ರೋಗಿಗಳೊಡನೆ ಹೋಗುತ್ತಾರೆ. ಬಸ್ಸಿನ ಚಾರ್ಜಿಗೆ ಮಂದಿರದಲ್ಲಿ ಒಂದು ಡಬ್ಬಿ ಇಡಲಾಗಿದೆ. ಅದು ಎಂದೂ ತುಂಬುವುದಿಲ್ಲ. ಆದರೆ ಅದರಲ್ಲಿರುವ ಹಣ ಯಾರದೆಂಬುದನ್ನು ಯಾವ ರೋಗಿ ಕೇಳಿದರೂ ಹೇಳಬಹುದು. ರೋಗಿಯ ಪರವಾಗಿ ನುಡಿಯುವ ಪ್ರತಿಯೊಬ್ಬರೂ, ಶಿಬಿರ ನಡೆಸುವ ಪ್ರತಿಯೊಂದು ಟ್ರಸ್ಟೂ ಈ ಒಂದು ಪ್ರಶ್ನೆಗೆ ಸಿದ್ಧರಾಗಿರುವುದೇ ಶ್ರಾವಕಧರ್ಮಕ್ಕೆ ಭೂಷಣ.