ಎತ್ತರದ ಸೂರಿನ ಮನೆ

ಬಾಡಿಗೆ ಮನೆಗಳ ವಿಷಯದಲ್ಲಿ ನನ್ನ ಅನುಭವ ಸಣ್ಣದಲ್ಲ. ವರ್ಗವಾದ ಊರುಗಳಲ್ಲೆಲ್ಲ ಹೆಂಚಿನ ಮನೆ, ವಠಾರದ ಮನೆ, ಮಳೆ ಬಂದರೆ ಸೋರುವ ಕಡೆಯೆಲ್ಲ ಪಾತ್ರೆ ಇಡಬೇಕಾದ ಮನೆ, ಎಲ್ಲವನ್ನೂ ಕಂಡವನು ನಾನು. ಆದರೆ ಇಂದು ಹೇಳಹೊರಟಿರುವುದು ನಾನು ಬಾಡಿಗೆ ಕೊಡದೆ ಐದು ತಿಂಗಳು ವಾಸಿಸಿದ ಒಂದು ಮನೆಯ ಕಥೆ. ಜೊತೆಗೆ, ನಾನು ಬಾಡಿಗೆಗೆ ಕೊಡದೆ ಹೋದ ಇನ್ನೊಂದು ಮನೆಯ ಕಥೆ.

2023ರ ಅಕ್ಟೋಬರ್ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನನ್ನ ಶ್ರೀಮತಿಯೂ ನ್ಯೂಯಾರ್ಕಿಗೆ ಹೋದೆವು. ಮಗಳು ಅಳಿಯ ಇದ್ದದ್ದು ಕ್ವೀನ್ಸ್ ಭಾಗದ ಜಾಕ್ಸನ್ ಹೈಟ್ಸ್ ಎಂಬ ಬಡಾವಣೆಯಲ್ಲಿ. "ನಮ್ಮದು ಪ್ರೀ-ವಾರ್ ಅಪಾರ್ಟ್‌ಮೆಂಟ್, ಅಪ್ಪ" ಎಂದು ಮಗಳು ಹೆಮ್ಮೆಯಿಂದ ಹೇಳಿದಳು. "ಯಾವ ಯುದ್ಧಕ್ಕೆ ಮುಂಚೆಯದಮ್ಮ?" ಎಂದು ಕೇಳಿದೆ. "ಎರಡನೆಯದು. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಇದನ್ನೂ ನಾನು ಹೇಳಿಕೊಡಬೇಕೆ?" ಎಂದು ನಕ್ಕಳು.

ಆ ಮನೆಯನ್ನು ನೋಡಿದ ಮೇಲೆ ಅವಳ ಹೆಮ್ಮೆ ನನಗೆ ಅರ್ಥವಾಯಿತು. ಎತ್ತರದ ಸೂರು, ಪಕ್ಕದ ಮನೆಯ ಸದ್ದು ಕೇಳದಷ್ಟು ದಪ್ಪನೆಯ ಗೋಡೆಗಳು, ಓಕ್ ಮರದ ನೆಲ, ಅನೇಕ ಸಲ ಬಣ್ಣ ಬಳಿದು ಅಂಚುಗಳೇ ಮೊಂಡಾದ ಬಾಗಿಲುಗಳು. ಕಿಟಕಿಯ ಕೆಳಗೊಂದು ಕಬ್ಬಿಣದ ರೇಡಿಯೇಟರ್. ನೆಲಮಾಳಿಗೆಯ ಬಾಯ್ಲರಿನಿಂದ ಹಬೆ ಬಂದೊಡನೆ ಅದು ಬುಸುಗುಟ್ಟುತ್ತಿತ್ತು. ಮೊದಲ ರಾತ್ರಿ ನನ್ನ ಶ್ರೀಮತಿ ಹಾವೆಂದು ಬೆಚ್ಚಿ ಎದ್ದು ಕುಳಿತಳು. ಅಕ್ಟೋಬರ್ 1ರಿಂದ ಮೇ 31ರವರೆಗೆ ಮನೆಗಳನ್ನು ನಿಗದಿತ ಮಟ್ಟದಲ್ಲಿ ಬೆಚ್ಚಗಿಡುವುದು ಅಲ್ಲಿ ಮಾಲೀಕನ ಕಾನೂನುಬದ್ಧ ಕರ್ತವ್ಯವಂತೆ. ಅಡುಗೆಮನೆಯ ಕಿಟಕಿ ಒಳಗಿನ ತೋಟದ ಕಡೆಗಿತ್ತು. ಕಟ್ಟಡಗಳು ರಸ್ತೆಗೆ ಮುಖಮಾಡಿ ಸುತ್ತಲೂ ನಿಂತಿದ್ದರೆ, ನಡುವೆ ತೊಟ್ಟಿಮನೆಯ ಅಂಗಳದಂತೆ ಮರಗಿಡಗಳ ತೋಟ. ಅಂಥ ಜನನಿಬಿಡ ನಗರದಲ್ಲಿ ಬೆಳಗಿನ ಹಕ್ಕಿಗಳ ಸದ್ದು ಕೇಳುತ್ತಾ ಮೊಮ್ಮಗನನ್ನು ಎತ್ತಿಕೊಂಡು ನಿಲ್ಲುವುದು ನನ್ನ ಪಾಲಿನ ಕೆಲಸವಾಗಿತ್ತು.

ಬಾಡಿಗೆಯ ವಿಚಾರ ಕೇಳಿ ಅಚ್ಚರಿಪಟ್ಟೆ. ತಿಂಗಳ ಬಾಡಿಗೆಯ 40 ಪಟ್ಟಾದರೂ ವಾರ್ಷಿಕ ವರಮಾನವಿರಬೇಕೆಂಬುದು ಅಲ್ಲಿನ ಮಾಲೀಕರ ರೂಢಿ. ಮುಂಗಡ ಮಾತ್ರ ಒಂದು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲವೆಂದು 2019ರಲ್ಲಿ ಕಾಯಿದೆಯಾಗಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದಿದ್ದ ಅಳಿಯನಿಗೆ ಅದೊಂದು ಸಮಾಧಾನ.

"ಆದಾಯದ ಹೊರತು ಬೇರೇನನ್ನೂ ಕೇಳಲಿಲ್ಲವೆ?" ಎಂದೆ. "ಕೇಳುವಂತಿಲ್ಲ ಮಾವ" ಎಂದ ಅಳಿಯ.

ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಆ ಬಡಾವಣೆಯ ಚರಿತ್ರೆ ಅಲ್ಲಿ ದೊರೆಯಿತು. 1909ರಲ್ಲಿ ಕ್ವೀನ್ಸ್‌ಬರೋ ಸೇತುವೆ ತೆರೆದ ಕಾಲದಲ್ಲಿ ಕ್ವೀನ್ಸ್‌ಬರೋ ಕಾರ್ಪೊರೇಷನ್ ಎಂಬ ಕಂಪನಿ ಹೊಲಗಳನ್ನು ಕೊಂಡುಕೊಂಡಿತು. 1917ರಲ್ಲಿ ಮೇಲ್ಸೇತುವೆಯ ರೈಲು ಬಂದಿತು. ತೋಟದ ಮನೆಗಳು ಸಾಲುಸಾಲಾಗಿ ಎದ್ದವು. ಆದರೆ ಆ ಸುಂದರ ಮನೆಗಳನ್ನು ಯಹೂದಿಗಳಿಗೂ ಕಪ್ಪು ಜನರಿಗೂ ಕೊಡುತ್ತಿರಲಿಲ್ಲ. ಮನೆ ನೀಡುವಲ್ಲಿ ಜನಾಂಗಭೇದ ಸಲ್ಲದೆಂಬ ರಾಷ್ಟ್ರೀಯ ಕಾಯಿದೆ ಬಂದದ್ದು 1968ರಲ್ಲಿ. ಈಗ ಅದೇ ಬೀದಿಗಳಲ್ಲಿ ಬಂಗಾಳಿ, ನೇಪಾಳಿ, ಟಿಬೆಟಿಯನ್, ಕೊಲಂಬಿಯನ್ ಕುಟುಂಬಗಳಿವೆ. 74ನೇ ಬೀದಿಯಲ್ಲಿ ನಮ್ಮ ಕರಿಬೇವು, ನುಗ್ಗೇಕಾಯಿ ಸಿಗುತ್ತವೆ.

ಪುಸ್ತಕ ಮುಚ್ಚಿಟ್ಟೆ. 'ಎಂಥ ಅನ್ಯಾಯ' ಎಂದುಕೊಂಡ ಮರುಗಳಿಗೆಯೇ ನೆನಪಾದದ್ದು ನಮ್ಮ ಮನೆಯ ಮಹಡಿ.

1994ನೇ ಇಸವಿ. ಸಾಲ ಮಾಡಿ ಕಟ್ಟಿದ ಮನೆಯ ಮಹಡಿಗೆ 'ಮನೆ ಬಾಡಿಗೆಗೆ ಇದೆ' ಎಂದು ಬೋರ್ಡು ಹಾಕಿದ್ದೆ. ನನ್ನ ಶಿಷ್ಯನೊಬ್ಬ ಬಂದ. ಸರ್ಕಾರಿ ನೌಕರಿ ಸಿಕ್ಕಿತ್ತು, ಹೊಸದಾಗಿ ಮದುವೆಯಾಗಿದ್ದ. "ನಿಮ್ಮ ಮನೆ ಅಂತ ಗೊತ್ತಾಯ್ತು ಸಾರ್, ಅದಕ್ಕೇ ಮೊದಲು ಇಲ್ಲಿಗೇ ಬಂದೆ" ಎಂದ. ಅವನ ಜಾತಿ ಶಾಲೆಯ ದಾಖಲಾತಿ ಪುಸ್ತಕದಿಂದಲೇ ನನಗೆ ತಿಳಿದಿತ್ತು. ಕೇಳುವ ಅಗತ್ಯವೂ ಇರಲಿಲ್ಲ. "ನಿನ್ನೆ ತಾನೇ ಬೇರೆಯವರಿಗೆ ಒಪ್ಪಿಕೊಂಡುಬಿಟ್ಟೆನಪ್ಪ" ಎಂದೆ. ಅವನು ಕೈಮುಗಿದು ಹೊರಟ. ಬೋರ್ಡು ಮಾತ್ರ ಮುಂದೆ ಎರಡು ವಾರ ಅಲ್ಲೇ ತೂಗುತ್ತಿತ್ತು. ಅವನ ಕಚೇರಿಗೆ ನಮ್ಮ ರಸ್ತೆಯಲ್ಲೇ ಹೋಗಬೇಕಿತ್ತು.

ಸಂವಿಧಾನದ 15 ಮತ್ತು 17ನೇ ವಿಧಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಅವನಿಗೆ ಬಾಯಿಪಾಠ ಮಾಡಿಸಿದವನು ನಾನೇ. 'ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ' ಎಂದರೆ ಇದೇ ಅಲ್ಲವೆ? ಅಂದು ನನಗೆ ನಾನೇ ಹೇಳಿಕೊಂಡ ಕಾರಣಗಳು ಹಲವು: ತಾಯಿ ಒಪ್ಪುವುದಿಲ್ಲ, ನೆಂಟರು ಏನೆನ್ನುತ್ತಾರೆ ಎಂದು. ತಾಯಿಯನ್ನು ನಾನು ಕೇಳಿಯೇ ಇರಲಿಲ್ಲ ಎಂಬುದು ಸತ್ಯ. ಮುಂದೆ ಎಷ್ಟೋ ಸಲ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಎದುರಾದಾಗ ಅವನು ನಿಂತು ನಮಸ್ಕರಿಸಿದ್ದಾನೆ. ನನ್ನ ಬಾಯಿಗೆ ಆ ಮಾತು ಬರಲಿಲ್ಲ.

ನನ್ನ ಮಗಳ ಮಗು ಅಂಬೆಗಾಲಿಡುತ್ತಿರುವ ನೆಲ, ಒಂದು ಕಾಲದಲ್ಲಿ ಕೆಲವರಿಗೆ ಇಲ್ಲವೆಂದ ನೆಲ. ನಮಗೆ ಅದು ದಕ್ಕಿತು. ನನ್ನ ಶಿಷ್ಯನಿಗೆ ನನ್ನ ಮಹಡಿ ದಕ್ಕಲಿಲ್ಲ.

ಈಗ ಆ ಮಹಡಿಗೆ ಯಾರೇ ಬಂದರೂ ನಾನು ಕೇಳುವುದು ಎರಡೇ ಪ್ರಶ್ನೆ: ಮನೆಯಲ್ಲಿ ಎಷ್ಟು ಜನ, ಯಾವಾಗ ಬರುತ್ತೀರಿ? ಇದನ್ನು ದೊಡ್ಡತನವೆಂದು ಬರೆಯುತ್ತಿಲ್ಲ. ತಡವಾಗಿ ಕಲಿತ ಪಾಠವೆಂದು ಬರೆಯುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಸ್ವಂತ ಮನೆ ಕಟ್ಟಿ ಬಾಡಿಗೆಗೆ ಕೊಡುವವರಾಗಿದ್ದೀರಿ. ಮೇಷ್ಟ್ರು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಆ ಶಿಷ್ಯನೂ ಇದನ್ನು ಓದುತ್ತಿರಬಹುದು. ಅಪ್ಪಾ, ಅಂದು ಮಹಡಿ ಖಾಲಿಯಿತ್ತು. ನಿನಗೆ ಅದು ಗೊತ್ತಿತ್ತು. ಆದರೂ ನನ್ನ ಬಾಯಿಂದಲೇ ನೀನು ಅದನ್ನು ಕೇಳಬೇಕಾಗಿತ್ತು. ಕ್ಷಮಿಸು.