ಬೆದೆ ಬಂತು ಅಂತ ಹೋತ ಬಿಡಬೇಡಿ, ಮೊದಲು ತೂಕ ನೋಡಿ

ಸಂತೆಯಲ್ಲಿ ಸಿಕ್ಕಾಗ ಮೂರ್ನಾಲ್ಕು ಜನ ಕೇಳಿದ್ರಿ, "ಹಾಲಿನ ಮೇಕೆ ಮರಿಗೆ ಮೊದಲ ಸಲ ಯಾವಾಗ ಹೋತ ಬಿಡ್ತೀರ?" ಅಂತ. ನಾನು ವಯಸ್ಸಿಗಿಂತ ತೂಕ ನೋಡ್ತೀನಿ. ಯಾಕೆ ಅಂತ ಈ ಸಲ ನಮ್ಮ ರೊಪ್ಪದಲ್ಲಿ ನಡೆದಿದ್ದನ್ನೇ ಬರೀತೀನಿ.

ನಮ್ಮಲ್ಲಿ ನಾಲ್ಕು ಹೆಣ್ಣು ಮರಿ ಇವೆ. ಬೀಟಲ್ ಹೋತಕ್ಕೆ ನಮ್ಮ ನಾಟಿ ಮೇಕೆಗಳಲ್ಲಿ ಹುಟ್ಟಿದವು, ಜುಲೈಗೆ ಹನ್ನೊಂದು ತಿಂಗಳು. ಆರನೇ ತಿಂಗಳಿಗೇ ನಾಲ್ಕೂ ಬೆದೆಗೆ ಬಂದಿದ್ವು. ಅದು ಸಹಜ. ಆದ್ರೆ ಬೆದೆ ಬಂದಿದೆ ಅಂದ್ರೆ ಮೈ ಬಲಿತಿದೆ ಅಂತ ಅಲ್ಲ. ಆ ವಯಸ್ಸಲ್ಲಿ ಗಬ್ಬ ಆದ್ರೆ ತಿಂದ ಮೇವು ತನ್ನ ಬೆಳವಣಿಗೆಗೂ ಬೇಕು, ಹೊಟ್ಟೆಯ ಮರಿಗೂ ಬೇಕು, ಕೆಚ್ಚಲಿಗೂ ಬೇಕು. ಮೂರಕ್ಕೂ ಸಾಲಲ್ಲ.

ಹೋದ ವರ್ಷ ಪಕ್ಕದೂರಲ್ಲಿ ಒಂದು ಮರಿ ಐದು ತಿಂಗಳಿಗೇ ಜೊತೆಗೆ ಹುಟ್ಟಿದ ಗಂಡಿನಿಂದಲೇ ಗಬ್ಬ ಆಗಿತ್ತು. ಈಯೋವಾಗ ಮರಿ ತಲೆ ಸಿಕ್ಕಿಕೊಂಡು, ಡಾಕ್ಟ್ರು ಎಳೆದು ತೆಗೆದಾಗ ಜೀವ ಇರ್ಲಿಲ್ಲ. ತಾಯಿ ಉಳೀತು, ಆದ್ರೆ ಹಾಲೂ ಇಲ್ಲ, ಮೈಯೂ ಬೆಳೀಲಿಲ್ಲ. ಗಂಡು ಮರಿಗಳನ್ನ ಮೂರು ತಿಂಗಳು ತುಂಬಿದ ಕೂಡ್ಲೇ ಬೇರೆ ಕಟ್ಟಿ.

ಲೆಕ್ಕ ಸುಲಭ. ತಾಯಿ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಬಂದಿರ್ಬೇಕು. ನಮ್ಮ ತಾಯಿ ಮೇಕೆಗಳು 38ರಿಂದ 40 ಕೆಜಿ, ಹಾಗಾಗಿ ಮರಿಗೆ 26 ಕೆಜಿ ಗೆರೆ. ಗೊಬ್ಬರದ ಚೀಲ ಕತ್ತರಿಸಿ ಜೋಲಿ ಮಾಡಿ, ತೊಲೆಗೆ ನೇತುಹಾಕಿದ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ, ಬೆಳಿಗ್ಗೆ ಮೇಯೋಕೆ ಬಿಡೋ ಮುಂಚೆ ತೂಗಿದ್ವಿ. 29, 27, 26. ನಾಲ್ಕನೇದು ಕೆಂಚಿ, ಬರೀ 21.

ಜುಲೈ ಮೊದಲ ವಾರ ಯಾಕೆ ಅಂದ್ರೆ, ಮೇಕೆಗೆ ಗಬ್ಬ ಸುಮಾರು 150 ದಿನ. ಆಗ ಬಿಟ್ರೆ ಡಿಸೆಂಬರ್‌ಗೆ ಮರಿ. ಕಡಲೆಕಾಯಿ ಬಳ್ಳಿ ಮನೆಗೆ ಬಂದಿರುತ್ತೆ, ಹುರುಳಿ, ತೊಗರಿ ಹೊಟ್ಟೂ ಹಿಂದೆನೇ ಬರುತ್ತೆ. ಚಳಿಗೆ ಮರಿಗಳಿಗೆ ಬೆಚ್ಚಗೆ ಜಾಗ ಮಾಡಿದ್ರೆ ಆಯ್ತು. ಅಕ್ಟೋಬರ್‌ನಲ್ಲಿ ಬಿಟ್ರೆ ಮಾರ್ಚ್‌ಗೆ ಮರಿ, ಬಿಸಿಲಲ್ಲಿ ಹಸಿರಿಗೆ ಎಲ್ಲಿಗೆ ಹೋಗೋದು?

ಮೂರು ವಾರ ಮುಂಚೆ ಹಿಕ್ಕೆ ಪರೀಕ್ಷೆ ಮಾಡಿಸಿ ಜಂತುಹುಳು ಔಷಧಿ ಕೊಟ್ವಿ. ದಿನಕ್ಕೆ 200 ಗ್ರಾಂ ಮೆಕ್ಕೆಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಜೊತೆಗೆ ಖನಿಜ ಮಿಶ್ರಣ. ಹೋತವನ್ನ ಬೇರೆ ಊರಿಂದ ಒಂದು ತಿಂಗಳಿಗೆ ತಂದ್ವಿ, ಅಪ್ಪನ್ನೇ ಮಗಳಿಗೆ ಬಿಡಬಾರ್ದು. ಹೋತದ ಮೈಕಟ್ಟಿಗಿಂತ ಮೊದ್ಲು ಅದರ ತಾಯಿ ಎಷ್ಟು ಹಾಲು ಕೊಡ್ತಿತ್ತು ಕೇಳಿ. ಬ್ರುಸೆಲ್ಲಾ ರಕ್ತ ಪರೀಕ್ಷೆನೂ ಮಾಡಿಸಿ, ಹಸಿ ಹಾಲಿಂದ ಅದು ನಮಗೂ ಬರುತ್ತೆ.

ಚೊಚ್ಚಲ ಮರಿಗಳು ಬೆದೆ ಅಷ್ಟಾಗಿ ತೋರಿಸಲ್ಲ. ಬಾಲ ಆಡಿಸೋದು, ಅರಚೋದು, ಮೇವು ಬಿಡೋದು, ಹಿಂಭಾಗ ಕೆಂಪಗಾಗಿ ಲೋಳೆ ಬರೋದು ನೋಡಿ. ಅನುಮಾನ ಇದ್ರೆ ಹೋತದ ಕೊಂಬಿನ ಬುಡಕ್ಕೆ ಹಳೇ ಬಟ್ಟೆ ಉಜ್ಜಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಮೂಸಿಸಿ. ಬೆದೆಯಲ್ಲಿದ್ರೆ ಬಿಟ್ಟು ಕದಲಲ್ಲ. ಬೆಳಿಗ್ಗೆ ಬೆದೆ ಕಂಡ್ರೆ ಸಾಯಂಕಾಲ ಒಂದು ಸಲ, ಮಾರನೇ ಬೆಳಿಗ್ಗೆ ಇನ್ನೊಂದು ಸಲ ಬಿಡ್ತೀವಿ.

ಕೆಂಚಿದೇ ತಲೆನೋವು. ಅದರ ತಾಯಿ ನಮ್ಮಲ್ಲೆಲ್ಲ ಹೆಚ್ಚು ಹಾಲಿನದು, ದಿನಕ್ಕೆ ಒಂದೂವರೆ ಲೀಟರ್. ಹೋತ ಬಂದ ವಾರದಲ್ಲೇ ಕೆಂಚಿನೂ ಬೆದೆಗೆ ಬಂತು. ಎರಡು ದಿನ ಒಂದೇ ಸಮ ಅರಚಾಟ. ನಮ್ಮಮ್ಮ, "ಹೋತ ಬಾಗ್ಲಿಗೇ ಬಂದೈತೆ, ಬಾಡಿಗೆನೂ ಕೊಟ್ಟಿದ್ದೀಯ, ಬಿಡೋ ಮಗ" ಅಂದ್ರು. ಅವರ ಮಾತಲ್ಲೂ ನ್ಯಾಯ ಇತ್ತು. ಈಗ ಬಿಡ್ಲಿಲ್ಲ ಅಂದ್ರೆ ಸಂಕ್ರಾಂತಿವರೆಗೂ ಕಾಯಬೇಕು, ಆಗ ಜೂನ್ ಮಳೆ ಜೊತೆ ಮರಿ. ಅಂದ್ರೆ ಆರು ತಿಂಗಳ ಮೇವು ಕೈಯಿಂದ, ಆರು ತಿಂಗಳ ಹಾಲು ಇಲ್ಲ. ಆದ್ರೆ ಕೆಂಚಿ ತಾಯಿಗೆ ಏಳು ವರ್ಷ ಆಯ್ತು, ಆ ತಳಿಗೆ ಉಳಿದಿರೋ ಹೆಣ್ಣು ಇದೊಂದೇ. ಈಯೋವಾಗ ಇದು ಹೋದ್ರೆ ದುಡ್ಡು ಕೊಟ್ರೂ ಮತ್ತೆ ಸಿಗಲ್ಲ. ಕೆಂಚಿನ ಬೇರೆ ಕಟ್ಟಿದ್ವಿ. ಅಮ್ಮ ಎರಡು ದಿನ ಮಾತಾಡ್ಲಿಲ್ಲ, ಹಿಂಡಿ ಮಾತ್ರ ಕೆಂಚಿಗೆ ಒಂದು ಹಿಡಿ ಜಾಸ್ತಿನೇ ಹಾಕ್ತಿದ್ರು.

ಬೆದೆ ತಿರುಗಿ ಬರೋದು 18ರಿಂದ 21 ದಿನಕ್ಕೆ. ಜುಲೈ 8ಕ್ಕೆ ಬಿಟ್ಟ ಎರಡು ಮರಿ ಆಗಸ್ಟ್ 19ಕ್ಕೆ 42 ದಿನ ಆದ್ರೂ ತಿರುಗಿಲ್ಲ, ಗಬ್ಬ ನಿಂತಿರೋ ಹಾಗಿದೆ. 26 ಕೆಜಿದು ಜುಲೈ 29ಕ್ಕೆ ತಿರುಗಿ ಬಂತು, ಮತ್ತೆ ಬಿಟ್ವಿ. ಗಬ್ಬದ ಮೊದಲ ತಿಂಗಳು ಅಲ್ಬೆಂಡಜೋಲ್ ಕೊಡಬೇಡಿ, ಮರಿಗೆ ತೊಂದ್ರೆ. ಮರಿ ಹಾಕೋಕೆ ಮೂರ್ನಾಲ್ಕು ವಾರ ಇದ್ದಾಗ ಕರುಳುಬೇನೆ ಲಸಿಕೆ ಹಾಕಿಸಿದ್ರೆ ಗಿಣ್ಣು ಹಾಲಿಂದ ಮರಿಗಳಿಗೂ ರಕ್ಷಣೆ.

ಕೆಂಚಿ ಈಗ 23 ಕೆಜಿ. ಸಂಕ್ರಾಂತಿ ಹೊತ್ತಿಗೆ ಅದಕ್ಕೊಂದು ಹೋತ ಬೇಕು. ತೀರಾ ದೊಡ್ಡ ಎಲುಬಿನದು ಬೇಡ, ತಾಯಿ ಹಾಲಿನದಾಗಿರ್ಬೇಕು. ನಿಮ್ಮ ಕಡೆ ಇದ್ರೆ ಹೇಳಿ, ಬಂದು ನೋಡ್ತೀನಿ.